ಮನೆಯಂಗಳದ ಅಣಬೆ, ಬೇಲಿಯ ವಿಷ: ಕಡಿಯುವ ಮೊದಲು ಗುರುತಿಸೋಣ



ನಮ್ಮ ಕಾಲೇಜಿಗೆ ಬರುವವರಲ್ಲಿ ಹೆಚ್ಚಿನವರು ಸದಾಶಿವಗಡ, ಚಿತ್ತಾಕುಲ, ಮಾಜಾಳಿ, ಅಸ್ನೋಟಿ, ಹಣಕೋಣ ಮುಂತಾದ ಊರುಗಳವರು. ಕೆಲವರು ಅಂಕೋಲಾ ಕಡೆಯಿಂದಲೂ ಬರುತ್ತಾರೆ. ಮನೆ ಸಣ್ಣದಾಗಿರಲಿ, ದೊಡ್ಡದಾಗಿರಲಿ, ಅಂಗಳದಲ್ಲಿ ನಾಲ್ಕು ತೆಂಗಿನಮರ, ಹಿತ್ತಲಲ್ಲಿ ಒಂದು ಮಾವು, ಒಂದು ಹಲಸು, ಬೇಲಿಯ ತುಂಬ ಹೆಸರು ಗೊತ್ತಿಲ್ಲದ ಗಿಡಗಳು ನಮ್ಮೆಲ್ಲರ ಮನೆಯಲ್ಲೂ ಇವೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಕರಾವಳಿ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಕಾಂಡ ಒಣಗುವುದೇ ಇಲ್ಲ. ಆಗ ಮರದ ಮೇಲೆ ಬಿಳಿ, ಹಸಿರು, ಕೆಂಪು, ಕಂದು ಹೀಗೆ ಬಗೆಬಗೆಯ ಬೆಳೆ ಕಾಣಿಸಿಕೊಳ್ಳುತ್ತದೆ. ಬೇಲಿಯಲ್ಲಿ ಬಳ್ಳಿಗಳು ಹಬ್ಬುತ್ತವೆ. ಮನೆಯ ಹಿರಿಯರು ಕತ್ತಿ ಹಿಡಿದು ಹೊರಡುತ್ತಾರೆ.

ಆದರೆ ಕತ್ತಿ ಹಿಡಿಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಣ್ಣೆದುರು ಇರುವುದು ಏನು ಎಂದು ಗುರುತಿಸುವುದು. ಗುರುತು ತಪ್ಪಿದರೆ ಆರೋಗ್ಯವಾಗಿರುವ ಮರಕ್ಕೆ ಔಷಧ ಹೊಡೆಯುತ್ತೇವೆ, ಬೀಳುವ ಮರದ ಕೆಳಗೆ ದನ ಕಟ್ಟುತ್ತೇವೆ, ವಿಷದ ಬೀಜವನ್ನು ಮಕ್ಕಳ ಆಟಕ್ಕೆ ಬಿಡುತ್ತೇವೆ. ಈ ಲೇಖನದಲ್ಲಿ ಮರಕ್ಕೆ ಹತ್ತುವ ಶಿಲೀಂಧ್ರ ಮತ್ತು ಮನೆಯ ಸುತ್ತ ಬೆಳೆಯುವ ವಿಷಸಸ್ಯಗಳನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ನೋಡೋಣ.

ಮರದ ಮೇಲಿರುವುದೆಲ್ಲ ರೋಗವಲ್ಲ

ತೆಂಗಿನ ಕಾಂಡದ ಮೇಲೆ ಬೂದು, ಬಿಳಿ ಅಥವಾ ತಿಳಿಹಸಿರು ಬಣ್ಣದ ಮಚ್ಚೆಗಳನ್ನು ಎಲ್ಲರೂ ನೋಡಿದ್ದೇವೆ. ಯಾರೋ ಸುಣ್ಣ ಎರಚಿದಂತೆ ಕಾಣುತ್ತವೆ. ಇವು ಕಲ್ಲುಹೂವುಗಳು. ಪ್ರಥಮ ಪಿಯುಸಿ ಜೀವಶಾಸ್ತ್ರದ ವರ್ಗೀಕರಣದ ಪಾಠದಲ್ಲಿ ಓದಿದ್ದೀರಿ: ಒಂದು ಶಿಲೀಂಧ್ರ ಮತ್ತು ಒಂದು ಪಾಚಿ ಒಟ್ಟಿಗೆ ಬದುಕುವ ಜೋಡಿ ಇದು. ಪಾಚಿ ಆಹಾರ ತಯಾರಿಸುತ್ತದೆ, ಶಿಲೀಂಧ್ರ ನೆಲೆ ಮತ್ತು ನೀರು ಒದಗಿಸುತ್ತದೆ. ಮರದಿಂದ ಅವು ಏನನ್ನೂ ಹೀರುವುದಿಲ್ಲ, ಕುಳಿತುಕೊಳ್ಳಲು ಜಾಗ ಮಾತ್ರ ಪಡೆಯುತ್ತವೆ. ಇದೇ ಬಳಗದ ಒಂದು ಜಾತಿಯನ್ನು ನಾವು ಬಿರಿಯಾನಿಯ ಮಸಾಲೆಗೆ ಹಾಕುತ್ತೇವೆ. ಉರ್ದುವಿನಲ್ಲಿ ಅದನ್ನೇ 'ಪತ್ಥರ್ ಕೆ ಫೂಲ್' ಎನ್ನುವುದು. ಹಾಗೆಂದು ಮನೆಯ ಮರದ ಕಲ್ಲುಹೂವನ್ನು ಕೆರೆದು ಅಡುಗೆಗೆ ಹಾಕಬೇಡಿ, ಜಾತಿಗಳು ಬೇರೆ ಬೇರೆ. ಗಾಳಿ ಕೆಟ್ಟರೆ ಕಲ್ಲುಹೂವು ಬದುಕುವುದಿಲ್ಲ. ಆದ್ದರಿಂದ ಅದು ಮರದ ಮೇಲಿದ್ದರೆ ಸಂತೋಷಪಡಬೇಕು.

ಹಸಿರು ಹಾವಸೆ, ಸಣ್ಣ ಜರಿಗಿಡ, ಸೀತಾಳೆ ದಂಡೆಯಂಥ ಆರ್ಕಿಡ್ ಇವೂ ಹೀಗೆಯೇ. ಇವು ಮರದ ಬಾಡಿಗೆದಾರರು, ಕಳ್ಳರಲ್ಲ. ತೊಗಟೆ ಕೆರೆದು ಇವನ್ನು ತೆಗೆಯುವವರು ಮರಕ್ಕೆ ಗಾಯ ಮಾಡುತ್ತಾರೆ, ಆ ಗಾಯದಿಂದಲೇ ನಿಜವಾದ ರೋಗ ಒಳಗೆ ಹೋಗುತ್ತದೆ.

ಕಳ್ಳ ಬೇರೆ ಇದ್ದಾನೆ. ಮಾವಿನಮರದಲ್ಲಿ ಮಾವಿನ ಎಲೆಯಂತಲ್ಲದ ದಪ್ಪ ಎಲೆಯ ಗೊಂಚಲು ಕಂಡರೆ ಅದು ಬಂದಳಿಕೆ. ಅದರ ಬೇರಿನಂಥ ಭಾಗ ಕೊಂಬೆಯೊಳಗೆ ಇಳಿದು ನೀರು, ಲವಣ ಹೀರುತ್ತದೆ. ಹಕ್ಕಿಗಳು ಅದರ ಅಂಟು ಹಣ್ಣನ್ನು ತಿಂದು ಬೇರೆ ಕೊಂಬೆಗೆ ಬೀಜ ಅಂಟಿಸುತ್ತವೆ. ಬಂದಳಿಕೆಯನ್ನು ಮೇಲಿನಿಂದ ಮುರಿದರೆ ಮತ್ತೆ ಚಿಗುರುತ್ತದೆ. ಅದು ಅಂಟಿಕೊಂಡ ಜಾಗದಿಂದ ಒಂದಡಿಯಷ್ಟು ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂಥ ಹಳೆಯ ಮರ ಮನೆಯಲ್ಲಿದ್ದವರು ವರ್ಷಕ್ಕೊಮ್ಮೆಯಾದರೂ ತಲೆಯೆತ್ತಿ ಬಂದಳಿಕೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಅಣಬೆ ಹೊರಗೆ, ರೋಗ ಒಳಗೆ

ಮರದ ಬುಡದಲ್ಲಿ ಅಥವಾ ಕಾಂಡದ ಮೇಲೆ ಕಪಾಟಿನ ಹಲಗೆಯಂತೆ ಚಾಚಿಕೊಂಡ ಗಟ್ಟಿ ಅಣಬೆ ಕಂಡರೆ ವಿಷಯ ಬೇರೆ. ನಾವು ನೋಡುವ ಅಣಬೆ ಶಿಲೀಂಧ್ರದ ಹಣ್ಣು ಇದ್ದಂತೆ, ಬೀಜಾಣು ಹರಡುವ ಅಂಗ ಮಾತ್ರ. ಅದರ ಮೈ ಎಂದರೆ ಕೂದಲಿಗಿಂತ ತೆಳುವಾದ ಎಳೆಗಳ ಜಾಲ. ಅದು ಮರದೊಳಗೆ ಎಷ್ಟೋ ಕಾಲದಿಂದ ಹರಡಿರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಸೆಲ್ಯುಲೋಸ್ ಮತ್ತು ಲಿಗ್ನಿನ್ ಅನ್ನು ಕಿಣ್ವಗಳಿಂದ ಕರಗಿಸಿ ತಿನ್ನುತ್ತಿರುತ್ತದೆ. ಅಣಬೆ ಹೊರಬಂದಿದೆ ಎಂದರೆ ಒಳಗೆ ಕೊಳೆತ ಬಹಳ ಮುಂದುವರಿದಿದೆ ಎಂದರ್ಥ.

ಆದ್ದರಿಂದ ಅಣಬೆಯನ್ನು ಮಾತ್ರ ಕೆತ್ತಿ ತೆಗೆದರೆ ರೋಗ ಹೋಗುವುದಿಲ್ಲ. ಪೊಟರೆಗೆ ಸಿಮೆಂಟ್ ತುಂಬುವುದೂ ಉಪಯೋಗಕ್ಕೆ ಬಾರದು. ಸಿಮೆಂಟ್ ಮತ್ತು ಮರದ ನಡುವೆ ನೀರು ನಿಂತು ಕೊಳೆತ ಹೆಚ್ಚಾಗುತ್ತದೆ.

ಇಲ್ಲಿ ಪ್ರಶ್ನೆ ಮರದ ಆರೋಗ್ಯದ್ದಷ್ಟೇ ಅಲ್ಲ, ಮನೆಯ ಮಾಡಿನದ್ದೂ ಹೌದು. ಮಳೆಗಾಲದ ಗಾಳಿಗೆ ಉರುಳುವ ದೊಡ್ಡ ಮರಗಳಲ್ಲಿ ಒಳಗೆ ಟೊಳ್ಳಾದವು ಅನೇಕ. ಎಲೆ ಹಸಿರಾಗಿರುವುದನ್ನು ನೋಡಿ ಮರ ಗಟ್ಟಿಯಿದೆ ಎಂದುಕೊಳ್ಳುವಂತಿಲ್ಲ. ನೀರು ಸಾಗಿಸುವ ಕೊಳವೆಗಳು ಮರದ ಹೊರಭಾಗದಲ್ಲಿವೆ, ನಡುವಿನ ತಿರುಳು ಕೊಳೆತರೂ ಎಲೆ ಹಸಿರಾಗಿಯೇ ಇರುತ್ತದೆ. ಬೇಸಿಗೆ ಮುಗಿಯುವ ಮೊದಲು ಈ ನಾಲ್ಕು ಪರೀಕ್ಷೆ ಮಾಡಿ:

1. ಬುಡದಲ್ಲಿ ಹಲಗೆ ಅಣಬೆ ಇದೆಯೇ?
2. ಸುತ್ತಿಗೆಯ ಹಿಡಿಯಿಂದ ಕಾಂಡಕ್ಕೆ ತಟ್ಟಿದರೆ ಡೋಲಿನಂತೆ ಟೊಳ್ಳು ಸದ್ದು ಬರುತ್ತದೆಯೇ?
3. ಮರ ಹಿಂದಿಗಿಂತ ಹೆಚ್ಚು ವಾಲಿದೆಯೇ? ವಾಲಿದ ಎದುರು ಬದಿಯಲ್ಲಿ ಮಣ್ಣು ಬಿರಿದು ಮೇಲೆದ್ದಿದೆಯೇ?
4. ದೊಡ್ಡ ಕೊಂಬೆ ಸೇರುವ ಜಾಗದಲ್ಲಿ ಸೀಳು ಇದೆಯೇ?

ಒಂದಕ್ಕೆ 'ಹೌದು' ಎಂದಾದರೂ ಮರದ ಕೆಳಗೆ ಕೊಟ್ಟಿಗೆ, ಬೈಕು, ಮಕ್ಕಳ ಜೋಕಾಲಿ ಬೇಡ. ಹತ್ತಿ ಕಡಿಯುವ ಕೆಲಸವನ್ನು ಅನುಭವಸ್ಥರಿಗೇ ಬಿಡಿ. ಕೊಳೆತ ಮರ ಹತ್ತಿದವರ ತೂಕಕ್ಕೇ ಮುರಿಯಬಹುದು. ವಿದ್ಯುತ್ ತಂತಿ ಹತ್ತಿರವಿದ್ದರೆ ಹೆಸ್ಕಾಂಗೆ ತಿಳಿಸಿ ಲೈನ್ ಬಂದ್ ಮಾಡಿಸಿದ ಮೇಲೆಯೇ ಕೆಲಸ. ಅನೇಕ ಜಾತಿಯ ಮರಗಳನ್ನು ಸ್ವಂತ ಜಾಗದಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲೇ ವಿಚಾರಿಸಿ.

ತೆಂಗಿನ ಮೂರು ರೋಗ

ನಮ್ಮ ಮನೆಗಳಲ್ಲಿ ಹೆಚ್ಚು ನಷ್ಟವಾಗುವುದು ತೆಂಗಿನಲ್ಲಿ. ಮೂರು ರೋಗಗಳನ್ನು ಗುರುತಿಸಲು ಕಲಿತರೆ ಸಾಕು.

ಮೊದಲನೆಯದು ಸುಳಿಕೊಳೆ. ಮಳೆಗಾಲದಲ್ಲಿ ನಡುವಿನ ಎಳೆಯ ಸುಳಿ ಬಾಡಿ ಬಣ್ಣಗೆಡುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡ ಕೊಳೆತು ನಾರುತ್ತದೆ. ತೆಂಗಿಗೆ ಬೆಳೆಯುವ ಮೊಗ್ಗು ಒಂದೇ ಆದ್ದರಿಂದ ಅದು ಸತ್ತರೆ ಮರವೇ ಸತ್ತಂತೆ. ಬೇಗ ಗೊತ್ತಾದರೆ ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ, ಮಳೆನೀರು ಇಳಿಯದಂತೆ ಪ್ಲಾಸ್ಟಿಕ್ ಹೊದಿಸಬೇಕು. ಹೊಸ ಸುಳಿ ಬರುವವರೆಗೆ ಹಾಗೆಯೇ ಇಡಬೇಕು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸಿದರೆ ಈ ಮುಲಾಮು ಸಿದ್ಧ.

ಎರಡನೆಯದು ಕಾಂಡ ಸೋರುವ ರೋಗ. ಕಾಂಡದ ಸೀಳುಗಳಿಂದ ಕೆಂಗಂದು ರಸ ಒಸರಿ, ಒಣಗಿ ಕಪ್ಪಾಗುತ್ತದೆ. ಆ ಭಾಗವನ್ನು ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಕ್ಕುವವರೆಗೆ ತೆಗೆದು, ಇದೇ ಮುಲಾಮು ಹಚ್ಚಬೇಕು. ಕೆತ್ತಿದ ಚೂರುಗಳನ್ನು ಬುಡದಲ್ಲೇ ಬಿಡದೆ ಸುಡಬೇಕು.

ಮೂರನೆಯದು ಅಣಬೆ ರೋಗ. ಗ್ಯಾನೋಡರ್ಮಾ ಎಂಬ ಶಿಲೀಂಧ್ರದಿಂದ ಬರುವ ಇದು ಬೇರಿನಿಂದ ಶುರುವಾಗುತ್ತದೆ. ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತು ಕಾಂಡಕ್ಕೆ ಅಂಟಿಕೊಂಡಂತೆ ನಿಲ್ಲುತ್ತವೆ, ಬುಡದಿಂದ ಕಂದು ರಸ ಸೋರುತ್ತದೆ, ಕೊನೆಗೆ ಬುಡದಲ್ಲಿ ಮೆರುಗು ಹಚ್ಚಿದಂಥ ಕೆಂಗಂದು ಅಣಬೆ ಮೂಡುತ್ತದೆ. ಇದು ಬೇರಿನಿಂದ ಬೇರಿಗೆ ಪಕ್ಕದ ಮರಕ್ಕೂ ಅಡಿಕೆಗೂ ದಾಟುತ್ತದೆ. ರೋಗದ ಮರದ ಸುತ್ತ ಎರಡು ಮೂರು ಅಡಿ ಆಳ, ಒಂದಡಿ ಅಗಲದ ಕಂದಕ ತೋಡಿ ಬೇರುಗಳ ಸಂಪರ್ಕ ಕಡಿಯಬೇಕು. ರೋಗದ ಮರಕ್ಕೆ ಬಿಟ್ಟ ನೀರು ಬೇರೆ ಮರಕ್ಕೆ ಹರಿಯಬಾರದು. ಉಳಿದ ಮರಗಳಿಗೆ ವರ್ಷಕ್ಕೆ ತಲಾ 5 ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಬೆರೆಸಿ ಕೊಡುವುದು ರೂಢಿ. ಟ್ರೈಕೋಡರ್ಮಾ ಎಂಬುದೂ ಒಂದು ಶಿಲೀಂಧ್ರವೇ, ಅದು ರೋಗದ ಶಿಲೀಂಧ್ರವನ್ನೇ ತಿನ್ನುತ್ತದೆ. ಎಲ್ಲ ಶಿಲೀಂಧ್ರವೂ ಶತ್ರುವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸಂಶಯವಿದ್ದರೆ ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿಗೆ ಫೋಟೋ ತೋರಿಸಿ ಕೇಳಿ. ಕಿಸಾನ್ ಕಾಲ್ ಸೆಂಟರ್‌ನ 1800 180 1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕನ್ನಡದ 'ಕೊಳೆರೋಗ' ಲೋಕಕ್ಕೆ ಹೋದದ್ದು

ಅಂಕೋಲಾ, ಸಿರ್ಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಕೊಳೆರೋಗ ಎಂದರೆ ಸಾಕು, ವಿವರಣೆ ಬೇಡ. ಎಳೆಯ ಕಾಯಿಗಳು ಕಪ್ಪುಗಟ್ಟಿ, ಬಿಳಿ ಬೂಸು ಹಿಡಿದು, ರಾಶಿಯಾಗಿ ಉದುರುತ್ತವೆ. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ದುಡಿದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟೋಫ್ತೋರಾ ಎಂಬ ಜೀವಿ ಎಂದು ತೋರಿಸಿದರು. ಅಡಿಕೆಯ ಈ ರೋಗವನ್ನು ಇಂದಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ 'ಕೊಳೆರೋಗ' ಎಂದೇ ಬರೆಯುತ್ತಾರೆ. ಕಾಫಿಗೆ ಬರುವ ಇನ್ನೊಂದು ಕೊಳೆರೋಗದ ಶಿಲೀಂಧ್ರಕ್ಕಂತೂ 1876ರಲ್ಲೇ 'ಪೆಲ್ಲಿಕ್ಯುಲೇರಿಯಾ ಕೊಲೆರೋಗ' ಎಂದು ನಾಮಕರಣವಾಗಿತ್ತು. ನಮ್ಮ ರೈತರ ಮಾತು ವಿಜ್ಞಾನದ ಮಾತಾಯಿತು.

ಫೈಟೋಫ್ತೋರಾ ನಿಜವಾದ ಶಿಲೀಂಧ್ರವಲ್ಲ, ಅದು ನೀರಚ್ಚಿನ ಬಳಗದ್ದು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇದ್ದರೆ ಇದರದ್ದರಲ್ಲಿ ಸೆಲ್ಯುಲೋಸ್ ಇದೆ. ಇದರ ಬೀಜಾಣುಗಳಿಗೆ ಬಾಲದಂಥ ಕಶಾಂಗಗಳಿದ್ದು ನೀರಿನಲ್ಲಿ ಈಜುತ್ತವೆ. ತೆಂಗಿನ ಸುಳಿಕೊಳೆಗೂ ಇದರ ಸೋದರ ಜಾತಿಯೇ ಕಾರಣ. ಈಜಲು ನೀರು ಬೇಕಾದ್ದರಿಂದಲೇ ಈ ರೋಗಗಳು ಎಡೆಬಿಡದ ಮಳೆಯಲ್ಲಿ ಹೆಚ್ಚುತ್ತವೆ. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಹಿರಿಯರ ಪದ್ಧತಿಗೆ ಇದೇ ಕಾರಣ.

ಇದಕ್ಕೆ ಮದ್ದು ಶೇಕಡಾ 1ರ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ತೋಟದವರು ರಸ್ತೆ ಬದಿಯ ಬಳ್ಳಿಗೆ ಸುಣ್ಣ ಮತ್ತು ಮೈಲುತುತ್ತ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿದ ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮಾಡುವ ಕ್ರಮ ಹೀಗೆ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ ಸೋಸಬೇಕು. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಕೊನೆಗೆ ಹೊಳೆಯುವ ಚಾಕುವೊಂದನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಚಾಕುವಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಅದು ಎಲೆಯನ್ನು ಸುಡುತ್ತದೆ. ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟಗೊಳಿಸುವ ಕ್ರಿಯೆಯನ್ನು ಎಸ್ಸೆಸ್ಸೆಲ್ಸಿಯಲ್ಲೇ ಬರೆದಿದ್ದೀರಿ, ಇದು ಅದೇ ಸಮೀಕರಣ. ಮಳೆ ಶುರುವಾಗುವ ಮೊದಲು ಒಮ್ಮೆ, 40 ರಿಂದ 45 ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸುತ್ತಾರೆ. ಮಾಡಿದ ದಿನವೇ ಬಳಸಬೇಕು.

ಒಂದು ಎಚ್ಚರಿಕೆ. ಮರದ ಮದ್ದು ಮನುಷ್ಯನಿಗೆ ವಿಷ. ಮೈಲುತುತ್ತದ ನೀಲಿ ಹರಳು ಮಕ್ಕಳಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಉಳಿದ ಔಷಧವನ್ನು ತಂಪು ಪಾನೀಯದ ಬಾಟಲಿಗೆ ತುಂಬಿ ಇಡುವ ಅಭ್ಯಾಸವನ್ನು ನಿಮ್ಮ ಮನೆಯಲ್ಲಿ ಇಂದೇ ನಿಲ್ಲಿಸಿ. ಬೇಲಿಯ ವಿಷಗಿಡಗಳಷ್ಟೇ ಅಪಾಯ ಆ ಬಾಟಲಿಯಲ್ಲಿದೆ.

ಬೇಲಿಯಲ್ಲಿ, ಹಿತ್ತಲಲ್ಲಿ

ಈಗ ವಿಷಸಸ್ಯಗಳಿಗೆ ಬರೋಣ. ನಮ್ಮ ಕಡೆ ಮೊದಲ ತೊಡಕು ಹೆಸರಿನದ್ದು. ಒಂದೇ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಮಾತಾಡುತ್ತೇವೆ. ಕನ್ನಡದ ಕಣಗಿಲೆ ಉರ್ದುವಿನಲ್ಲಿ ಕನೇರ. ಕನ್ನಡದ ಕಾಸರಕ ಮರಾಠಿಯಲ್ಲಿ ಕಾಜ್ರಾ, ಉರ್ದುವಿನಲ್ಲಿ ಕುಚಲಾ. ಅಜ್ಜಿ ಹೇಳಿದ ಹೆಸರು ಆಸ್ಪತ್ರೆಯಲ್ಲಿ ಅರ್ಥವಾಗದೆ ಹೋಗಬಹುದು. ಆದ್ದರಿಂದ ಗಿಡದ ರೂಪವನ್ನೇ ಗುರುತಿಟ್ಟುಕೊಳ್ಳಿ.

ಕಣಗಿಲೆ: ಗುಲಾಬಿ, ಬಿಳಿ ಹೂವಿನದ್ದು ಒಂದು, ಹಳದಿ ಗಂಟೆಯಂಥ ಹೂವಿನದ್ದು ಇನ್ನೊಂದು. ಎರಡರಲ್ಲೂ ಬೇರಿನಿಂದ ಹೂವಿನವರೆಗೆ ವಿಷವಿದೆ, ಹಳದಿ ಕಣಗಿಲೆಯ ಬೀಜ ಬಹಳ ತೀಕ್ಷ್ಣ. ಇದರ ವಿಷ ಹೃದಯದ ಕೋಶಗಳ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. ನರಮಂಡಲದ ಪಾಠದಲ್ಲಿ ಬರುವ ಅದೇ ಪಂಪು. ವಾಂತಿಯ ಹಿಂದೆಯೇ ಹೃದಯದ ಬಡಿತ ತಪ್ಪುತ್ತದೆ. ದನ ತಿನ್ನುವುದಿಲ್ಲವೆಂದು ಇದನ್ನು ಬೇಲಿಗೂ ಹೆದ್ದಾರಿಯ ವಿಭಜಕಕ್ಕೂ ನೆಡುತ್ತಾರೆ. ಇದರ ಕಡ್ಡಿಯನ್ನು ಹಲ್ಲುಜ್ಜಲು, ಮಾಂಸ ಸುಡುವ ಕಡ್ಡಿಯಾಗಿ ಬಳಸಬಾರದು.

ಒದಲಂ: ಕಾಳಿ ನದಿಯ ಹಿನ್ನೀರು, ಗಜನಿಯಂಥ ಜಾಗಗಳಲ್ಲಿ ಬೆಳೆಯುವ ಮರ. ಇದು ಮಲಯಾಳಂ ಹೆಸರು, ವೈಜ್ಞಾನಿಕ ಹೆಸರಿಗೂ ಇದನ್ನೇ ತೆಗೆದುಕೊಂಡಿದ್ದಾರೆ. ಕಾಯಿ ಹಸಿರು ಮಾವಿನಕಾಯಿಯಂತೆಯೇ ಕಾಣುತ್ತದೆ. ಇದು ಕಣಗಿಲೆಯ ಕುಟುಂಬದ್ದು, ಅದರಂತೆಯೇ ಹೃದಯಕ್ಕೆ ವಿಷ.

ಗುಲಗಂಜಿ: ಕೆಂಪು ಬೀಜ, ಕಪ್ಪು ಕಣ್ಣು. ಚಿನ್ನ ತೂಗಲು ಬಳಸುತ್ತಿದ್ದ ಬೀಜ. ಗಟ್ಟಿ ಸಿಪ್ಪೆಯ ಇಡೀ ಬೀಜ ಹಾಗೆಯೇ ಹೊರಹೋಗಬಹುದು, ಜಗಿದರೆ ಅಥವಾ ಮಣಿಗಾಗಿ ಚುಚ್ಚಿದ್ದರೆ ಅಪಾಯ. ಇದರ ಅಬ್ರಿನ್ ಮತ್ತು ಹರಳು ಬೀಜದ ರೈಸಿನ್ ಎರಡೂ ಕೋಶದ ರೈಬೋಸೋಮ್ ಅನ್ನು ಕೆಡಿಸಿ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತವೆ. ತೊಂದರೆ ಕೆಲವು ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಆದ್ದರಿಂದ 'ಮಗು ಚೆನ್ನಾಗಿಯೇ ಇದೆಯಲ್ಲ' ಎಂದು ಕಾಯಬಾರದು.

ಕಾಡುಹರಳು ಅಥವಾ ಜಟ್ರೋಫಾ: ಬೇಲಿಗೂಟ ಚಿಗುರಿದಂತೆ ಬೆಳೆಯುವ ಗಿಡ. ಬೀಜ ಶೇಂಗಾದಂತೆ ರುಚಿ ಇರುವುದರಿಂದ ಶಾಲಾ ಮಕ್ಕಳು ಗುಂಪಾಗಿ ತಿಂದು ವಾಂತಿಭೇದಿಯಿಂದ ಆಸ್ಪತ್ರೆ ಸೇರುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ತಮ್ಮ ತಂಗಿಯರಿಗೆ ಈ ಗಿಡವನ್ನು ತೋರಿಸಿ ಹೇಳಿ.

ಉಮ್ಮತ್ತ: ಕಹಳೆಯಂಥ ಹೂವು, ಮುಳ್ಳಿನ ಕಾಯಿ. ಬಾಯಿ ಒಣಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಮೈ ಬಿಸಿಯಾಗುವುದು, ಭ್ರಮೆಯಿಂದ ಏನೇನೋ ಮಾತಾಡುವುದು ಇದರ ಲಕ್ಷಣ. ಸೊಪ್ಪು ಕೊಯ್ಯುವಾಗ ಇದರ ಎಳೆಯ ಎಲೆ ಸೇರದಂತೆ ನೋಡಬೇಕು.

ಅಗ್ನಿಶಿಖೆ ಅಥವಾ ಕೋಳಿಕುಟುಮ: ಮಳೆಗಾಲದ ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಕೆಂಪು ಹಳದಿ ಹೂವು. ಗೆಡ್ಡೆಯನ್ನು ಗೆಣಸೆಂದು ಬೇಯಿಸಿದರೆ ಪ್ರಾಣಕ್ಕೆ ಸಂಚಕಾರ. ಇದರ ಕಾಲ್ಚಿಸಿನ್ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ.

ಕಾಸರಕ: ಕಿತ್ತಳೆಯಂಥ ಸುಂದರ ಹಣ್ಣಿನ ಕಾಡುಮರ. ಬೀಜದ ಸ್ಟ್ರಿಕ್ನಿನ್ ಮೈಯ ಸ್ನಾಯುಗಳನ್ನೆಲ್ಲ ಸೆಟೆಸುತ್ತದೆ. ಯುನಾನಿ, ಆಯುರ್ವೇದದಲ್ಲಿ ಶುದ್ಧಿ ಮಾಡಿ ಬಳಸುವುದುಂಟು. ಅದು ತಿಳಿದವರ ಕೆಲಸ, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ.

ಮುಟ್ಟಿದರೆ ಸುಡುವವು

ಮಾವು, ಗೇರು ಮತ್ತು ಕಾಡಿನ ಹೊಳೆಗೇರು ಮೂರೂ ಒಂದೇ ಕುಟುಂಬದವು. ಮಾವಿನ ಸೊನೆ ತುಟಿ ಸುಡುತ್ತದೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಹೊಳೆಗೇರಿನ ಕಪ್ಪು ರಸ ತಾಗಿದರೆ ಮೈಯೆಲ್ಲ ಬಾತು ಬೊಕ್ಕೆ ಏಳುತ್ತದೆ. ಗೇರುಬೀಜ ಸುಡುವಾಗ ಹೊಗೆಗೆ ಮುಖವೊಡ್ಡಬೇಡಿ. ಕಾಳಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಹಾಲು ಸುರಿಸುವ ಎಕ್ಸೊಕೇರಿಯಾ ಎಂಬ ಮರವೂ ಇದೆ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿ ಮಂಜಾಗುತ್ತದೆ. ಏಡಿ, ಸಿಂಪಿಗೆ ಅಲ್ಲಿ ಇಳಿಯುವವರು ನೆನಪಿಡಬೇಕು.

ಪತ್ರೊಡೆಯ ಕೆಸುವಿನ ತುರಿಕೆ ಎಲ್ಲರಿಗೂ ಗೊತ್ತು. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವ ಅಮ್ಮಂದಿರ ಕ್ರಮ ಅದಕ್ಕಾಗಿಯೇ. ವರಾಂಡದ ಕುಂಡದಲ್ಲಿ ಚೆಂದಕ್ಕೆಂದು ಬೆಳೆಸುವ ಡೈಫೆನ್‌ಬೇಕಿಯಾದಲ್ಲಿಯೂ ಇದೇ ಹರಳುಗಳಿವೆ. ಅಂಬೆಗಾಲಿಡುವ ಮಗು ಎಲೆ ಕಚ್ಚಿದರೆ ನಾಲಗೆ, ಗಂಟಲು ಬಾತುಕೊಳ್ಳುತ್ತದೆ. ಕುಂಡವನ್ನು ಎತ್ತರದಲ್ಲಿಡಿ.

ತಿನ್ನುವ ಅಣಬೆಯ ವಿಷಯ

ಮೊದಲ ಗುಡುಗು ಮಳೆಯ ನಂತರ ಹುತ್ತದ ಮೇಲೆ ಏಳುವ ಅಣಬೆಯ ರುಚಿ ನಮ್ಮೂರಿನವರಿಗೆ ಹೇಳಬೇಕಿಲ್ಲ. ಆದರೆ ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ಒಳ್ಳೆಯದು, ಹುಳ ತಿಂದಿದ್ದರೆ ಒಳ್ಳೆಯದು, ಅರಿಶಿನ ಹಾಕಿ ಕುದಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳಲ್ಲಿ ಒಂದೂ ನಿಜವಲ್ಲ. ಅಮನಿಟಾ ಬಳಗದ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದ 6 ರಿಂದ 12 ಗಂಟೆಯವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿಭೇದಿ, ನಡುವೆ ಒಂದು ದಿನ ಗುಣವಾದಂತೆ ತೋರುವುದು, ಅಷ್ಟರಲ್ಲಿ ಯಕೃತ್ತು ಹಾಳಾಗಿರುತ್ತದೆ. ಹುಲ್ಲಿನ ಮೇಲೆ ಏಳುವ ದೊಡ್ಡ ಬಿಳಿ ಅಣಬೆಯ ಕೊಡೆಯ ಕೆಳಗೆ ಹಸಿರು ಪದರ ಕಂಡರೆ ಅದನ್ನೂ ತಿನ್ನಬಾರದು. ಅನುಭವವಿದ್ದವರು ಕೈಯಲ್ಲಿ ಹಿಡಿದು ನೋಡಿ ಹೇಳದ ಅಣಬೆ ಅಡುಗೆಮನೆಗೆ ಬರಬಾರದು. ಫೋಟೋ ನೋಡಿ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳನ್ನು ಈ ವಿಷಯದಲ್ಲಿ ನಂಬಬೇಡಿ.

ದನ, ಆಡುಗಳೂ ಇವೆ

ಮರಗೆಣಸಿನ ಹಸಿ ಎಲೆ ಮತ್ತು ಸಿಪ್ಪೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ಹೊಟ್ಟೆ ತುಂಬ ತಿಂದ ಆಡು ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಲಂಟಾನಾ ತಿಂದ ದನದ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕತ್ತರಿಸಿದ ಕಣಗಿಲೆಯ ಟೊಂಗೆಯನ್ನು ಕೊಟ್ಟಿಗೆಯ ಹತ್ತಿರ ಎಸೆಯಬೇಡಿ, ಹಸಿಯಾಗಿದ್ದಾಗ ಮುಟ್ಟದ ದನ ಒಣಗಿದ ಎಲೆಯನ್ನು ಹುಲ್ಲಿನ ಜೊತೆ ತಿಂದುಬಿಡುತ್ತದೆ. ಜಾನುವಾರುಗಳ ತುರ್ತು ನೆರವಿಗೆ 1962ಕ್ಕೆ ಕರೆ ಮಾಡಿ.

ವಿಷ ಹೊಟ್ಟೆಗೆ ಹೋದರೆ

ಈ ಭಾಗವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರೂ ಸರಿ.

1. ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು ಬಾಯಿ ತೊಳೆಸಿ.
2. ವಾಂತಿ ಮಾಡಿಸಬೇಡಿ. ಉಪ್ಪುನೀರು, ಸಾಬೂನು ನೀರು, ಸಗಣಿ ನೀರು, ಹುಣಸೆ ರಸ, ಎಣ್ಣೆ ಯಾವುದೂ ಬೇಡ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಪ್ರಾಣ ತೆಗೆಯಬಹುದು.
3. ಏನು ತಿಂದದ್ದು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಆ ಗಿಡದ ಎಲೆ, ಹೂವು, ಕಾಯಿ ಸಹಿತ ಒಂದು ಟೊಂಗೆಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಅಣಬೆಯಾದರೆ ಉಳಿದ ಪದಾರ್ಥವನ್ನೂ ಒಯ್ಯಿರಿ.
4. ತಕ್ಷಣ 108ಕ್ಕೆ ಕರೆ ಮಾಡಿ. ಕಾಳಿ ಸೇತುವೆ ದಾಟಿದರೆ ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದೊಡ್ಡ ಆಸ್ಪತ್ರೆಯೇ ಇದೆ. ಲಕ್ಷಣ ಕಾಣಲೆಂದು ಮನೆಯಲ್ಲಿ ಕಾಯಬೇಡಿ.
5. ಪ್ರಜ್ಞೆ ತಪ್ಪಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ.
6. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ವೈದ್ಯರೂ ಅಲ್ಲಿ ಸಲಹೆ ಕೇಳುತ್ತಾರೆ.
7. ರಸ ಮೈಗೆ ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರು ಹಾಯಿಸಿ ವೈದ್ಯರಿಗೆ ತೋರಿಸಿ.

ಬೈಯುತ್ತಾರೆಂದು ಹೆದರಿ ಮಕ್ಕಳು ತಿಂದದ್ದನ್ನು ಹೇಳದಿರುವುದು ಸಾಮಾನ್ಯ. ಕೇಳುವಾಗ ದನಿ ಏರಿಸಬೇಡಿ, ನಿಜ ಗೊತ್ತಾಗುವುದು ಮುಖ್ಯ.

ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು

ಇಷ್ಟೆಲ್ಲ ಓದಿ ಬೇಲಿಯನ್ನೇ ಬೋಳಿಸಬೇಕು ಎನ್ನಿಸಬಹುದು. ಹಾಗೆ ಮಾಡಬೇಕಿಲ್ಲ. ಚಿಕ್ಕ ಮಕ್ಕಳಿರುವ ಮನೆಯ ಅಂಗಳ, ಅಂಗನವಾಡಿ, ಶಾಲೆ, ಮದ್ರಸಾಗಳ ಆವರಣ, ಕೊಟ್ಟಿಗೆ, ಬಾವಿಕಟ್ಟೆ ಇವುಗಳ ಸುತ್ತ ಗುಲಗಂಜಿ, ಹಳದಿ ಕಣಗಿಲೆ, ಕಾಡುಹರಳು, ಉಮ್ಮತ್ತ ಇರಬಾರದು. ಬೀಜ ಕಟ್ಟುವ ಮೊದಲು, ಕೈಗವಸು ಹಾಕಿ, ತುಂಬುತೋಳಿನ ಅಂಗಿ ತೊಟ್ಟು ಬೇರು ಸಹಿತ ಕೀಳಬೇಕು. ಸುಡಬಾರದು. ಕಣಗಿಲೆ, ಹೊಳೆಗೇರುಗಳ ಹೊಗೆಯೂ ಉಸಿರಿಗೆ ಅಪಾಯ. ದನ, ಆಡು ಬಾರದ ಜಾಗದಲ್ಲಿ ಗುಂಡಿ ತೋಡಿ ಹೂಳುವುದು ಸುರಕ್ಷಿತ.

ಉಳಿದವು ದೂರದ ಬೇಲಿಯಲ್ಲಿ, ಗುಡ್ಡದಲ್ಲಿ ಇರಲಿ. ಕಪ್ಪು ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆಗಳಿರುವ, ನಮ್ಮಲ್ಲಿ ಎಲ್ಲೆಡೆ ಹಾರಾಡುವ ಒಂದು ಚಿಟ್ಟೆಯ ಮರಿ ಕಣಗಿಲೆಯ ಎಲೆ ತಿಂದೇ ಬೆಳೆಯುತ್ತದೆ. ಆ ವಿಷವೇ ಅದನ್ನು ಹಕ್ಕಿಗಳಿಂದ ಕಾಯುತ್ತದೆ. ಎಕ್ಸೊಕೇರಿಯಾ ಇರುವ ಕಾಂಡ್ಲಾ ಕಾಡು ಕಾಳಿಯ ದಡವನ್ನು ಕೊರೆತದಿಂದ ಕಾಯುತ್ತದೆ. ಸತ್ತ ಮರವನ್ನು ಮಣ್ಣಾಗಿಸುವ ಅಣಬೆ ಇಲ್ಲದಿದ್ದರೆ ಕಾಡು ಕಟ್ಟಿಗೆಯ ರಾಶಿಯಾಗುತ್ತಿತ್ತು.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ, ನೋಡಿ ನೋಡಿಯೇ ಗಿಡಗಳನ್ನು ಅರಿತರು. ಯಾವ ಮರದ ಬೀಜ ಯಾವಾಗ ಕೊಯ್ಯಬೇಕು ಎಂಬುದು ಅವರಿಗೆ ತಿಳಿದಿತ್ತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ನಮ್ಮ ಕೈಯಲ್ಲಿ ಪುಸ್ತಕವೂ ಇದೆ, ಮೊಬೈಲೂ ಇದೆ. ಅವರಿಗಿದ್ದ ನೋಡುವ ತಾಳ್ಮೆಯನ್ನು ನಾವು ಕಲಿಯಬೇಕು.

ಮುಂದಿನ ರಜಾದಿನ ಮನೆಯ ಸುತ್ತ ಒಂದು ಸುತ್ತು ಹಾಕಿ. ಎಷ್ಟು ಗಿಡಗಳ ಹೆಸರು ಗೊತ್ತು, ಎಷ್ಟರದ್ದು ಗೊತ್ತಿಲ್ಲ ಎಂದು ಪಟ್ಟಿ ಮಾಡಿ. ಗೊತ್ತಿಲ್ಲದ್ದನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ, ಉರ್ದುವಿನಲ್ಲಿ ಏನೆನ್ನುತ್ತಾರೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಎಲೆ ಹೂವುಗಳ ಫೋಟೋ ಸಹಿತ ಜೀವಶಾಸ್ತ್ರ ವಿಭಾಗಕ್ಕೆ ತಂದುಕೊಟ್ಟರೆ ನಮ್ಮೂರಿನ ಗಿಡಗಳ ಪಟ್ಟಿಯೊಂದನ್ನು ನಾವೇ ತಯಾರಿಸಬಹುದು. ಮಳೆಗಾಲದ ಒಂದು ರಾತ್ರಿ ಯಾರದೋ ಮನೆಯ ಮಗುವಿಗೆ ಅದು ಉಪಯೋಗಕ್ಕೆ ಬಂದರೂ ಶ್ರಮ ಸಾರ್ಥಕ.